ಮೆಣಸು ಬೆಳೆಯುವವನಿಗೇ ಮೆಣಸಿನ ವಾಸನೆ ಬರಲ್ಲ ಅಂದ್ರೆ?

ಓದುಗರ ಪ್ರಶ್ನೆಗೆ ಉತ್ತರ. ಈ ಸಲದ ವಿಷಯ: ಮನೆಯಲ್ಲೇ ವೈನ್ ರುಚಿ ನೋಡುವುದು. ಉತ್ತರಿಸುವವರು ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಈಗ ಮಡಿಕೇರಿ ಹತ್ತಿರದ ತೋಟದ ಮನೆಯಲ್ಲಿ ನೆರೆಹೊರೆಯವರನ್ನು ಸೇರಿಸಿಕೊಂಡು ವೈನ್ ರುಚಿ ನೋಡುತ್ತಾರೆ.

ಪ್ರಶ್ನೆ: ಸರ್, ನಾವು ಆರು ಜನ ಗೆಳೆಯರು. ತಿಂಗಳಿಗೊಂದು ಭಾನುವಾರ ಸೇರಿ ವೈನ್ ಟೇಸ್ಟಿಂಗ್ ಮಾಡೋಣ ಅಂತ ಆಸೆ. ಯಾರಿಗೂ ಏನೂ ಗೊತ್ತಿಲ್ಲ. ಕೋರ್ಸ್ ಏನಾದ್ರೂ ಮಾಡಬೇಕಾ? ಎಷ್ಟು ಬಾಟಲಿ, ಎಂಥ ಗ್ಲಾಸು?
- ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಕೋರ್ಸ್ ಏನೂ ಬೇಡ. ಮೂರು ಬಾಟಲಿ ತನ್ನಿ, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಒಂದು ಬಾಟಲಿಯಲ್ಲಿ 750 ಮಿಲಿ ಇರುತ್ತದೆ. ರುಚಿ ನೋಡಲು ಒಬ್ಬರಿಗೆ 50 ಮಿಲಿ ಧಾರಾಳ. ಅಂದರೆ ಹದಿನೈದು ಜನಕ್ಕೆ ಆಗುವುದು ನಿಮ್ಮ ಆರು ಜನಕ್ಕೆ ಇದೆ. ಉಳಿದದ್ದು ಊಟದ ಹೊತ್ತಿಗೆ. ನಾಲ್ಕನೇ ಬಾಟಲಿ ತೆಗೆದ ದಿನ ಅದು ಪಾರ್ಟಿ ಆಗುತ್ತದೆ. ಪಾರ್ಟಿ ತಪ್ಪು ಅಂತಲ್ಲ, ಆದರೆ ಯಾವುದು ಹೇಗಿತ್ತು ಅಂತ ಮರುದಿನ ಒಬ್ಬರಿಗೂ ನೆನಪಿರುವುದಿಲ್ಲ.

ಮೂರೂ ಬಾಟಲಿಗೆ ಏನಾದರೂ ಒಂದು ನಂಟು ಇರಲಿ. ಮೂರೂ ಶಿರಾಜ್ ಎಂಬ ದ್ರಾಕ್ಷಿಯ ಕೆಂಪು ವೈನ್ ಆಗಿರಲಿ: ಒಂದು ನಾಸಿಕ್ ಕಡೆಯದು, ಒಂದು ನಂದಿ ಬೆಟ್ಟದ ಕಡೆಯದು, ಕೈಗೆಟುಕಿದರೆ ಒಂದು ಹೊರದೇಶದ್ದು. ಒಂದು ಕೆಂಪು, ಒಂದು ಬಿಳಿ, ಒಂದು ನೊರೆ ಬರುವ ವೈನ್ ಇಟ್ಟುಕೊಂಡು ಕೂತರೆ ಬೇರೆ ಬೇರೆ ಅಂತ ಗೊತ್ತಾಗುತ್ತದೆ ಅಷ್ಟೇ. ಅದನ್ನು ನೋಡಿದರೇ ಗೊತ್ತಾಗುತ್ತಿತ್ತಲ್ವಾ?

ಗ್ಲಾಸಿನ ಹೊಟ್ಟೆ ಅಗಲ, ಬಾಯಿ ಕಿರಿದು ಇರಬೇಕು. ವಾಸನೆ ಒಳಗೇ ನಿಲ್ಲುತ್ತದೆ. ಮೂರನೇ ಒಂದು ಭಾಗಕ್ಕಿಂತ ಮೇಲೆ ತುಂಬಿಸಬೇಡಿ, ತಿರುಗಿಸಲು ಜಾಗ ಬೇಕು. ಕೆಂಪು ವೈನಿಗೆ 15ರಿಂದ 18 ಡಿಗ್ರಿ ಹದ. ಮಳೆಗಾಲದಲ್ಲಿ ಮಡಿಕೇರಿಯ ಮನೆಗಳಲ್ಲಿ ಹೊರಗಿಟ್ಟರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ನಿಮ್ಮಲ್ಲಿ ಏಪ್ರಿಲ್ ತಿಂಗಳಲ್ಲಾದರೆ ಸುಮಾರು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿ ವೈನ್ ಇನ್ನೂ ತಣ್ಣಗಿರಲಿ, 8ರಿಂದ 12 ಡಿಗ್ರಿ.

ಇನ್ನೊಂದು ಮಾತು. ಅವತ್ತು ಊದಿನಕಡ್ಡಿ ಹಚ್ಚಬೇಡಿ, ಸೊಳ್ಳೆಬತ್ತಿ ಬೇಡ, ಸೆಂಟು ಹಾಕಿಕೊಂಡು ಬರಬೇಡಿ. ಒಳಗೆ ಈರುಳ್ಳಿ ಹುರಿಯುತ್ತಿದ್ದರೆ ಜಗಲಿಯಲ್ಲಿ ಕೂತುಕೊಳ್ಳಿ.

ಪ್ರಶ್ನೆ: ನಮ್ಮದು ಕಾಫಿ ತೋಟ, ಜೊತೆಗೆ ಕರಿಮೆಣಸು. ಶಿರಾಜ್ ವೈನಿನಲ್ಲಿ ಕರಿಮೆಣಸಿನ ವಾಸನೆ ಬರುತ್ತೆ ಅಂತ ನಮ್ಮ ಗುಂಪಿನವರೆಲ್ಲ ಹೇಳ್ತಾರೆ. ನನಗೆ ಬರೋದೇ ಇಲ್ಲ. ಮರ್ಯಾದೆ ಪ್ರಶ್ನೆ ಅಂತ ನಾನೂ ‘ಹೂಂ ಹೂಂ’ ಅನ್ನುತ್ತೇನೆ. ನನ್ನ ಮೂಗೇ ಸರಿ ಇಲ್ವಾ?
- ಬೆಳೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ನಿಮ್ಮ ಮೂಗಿಗೆ ಏನೂ ಆಗಿಲ್ಲ. ‘ಹೂಂ ಹೂಂ’ ಅನ್ನುವುದನ್ನು ಮಾತ್ರ ಬಿಡಿ.

ಶಿರಾಜಿನ ಆ ಮೆಣಸಿನ ಘಮಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು. ಆಸ್ಟ್ರೇಲಿಯಾದ ವೈನ್ ಸಂಶೋಧಕರು ಅದನ್ನು 2008ರಲ್ಲಿ ಪತ್ತೆ ಮಾಡಿ ಪ್ರಕಟಿಸಿದರು. ನಿಮ್ಮ ತೋಟದ ಮೆಣಸಿನಲ್ಲೂ ಅದೇ ಇದೆ, ವೈನಿಗಿಂತ ಸಾವಿರಾರು ಪಟ್ಟು ಜಾಸ್ತಿ. ತಮಾಷೆ ಏನೆಂದರೆ, ಅವರು ರುಚಿ ನೋಡಲು ಕೂರಿಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಪ್ರಯೋಗದಲ್ಲಿ ಹಾಕಿದ ಅತಿ ಹೆಚ್ಚಿನ ಪ್ರಮಾಣದಲ್ಲೂ ಆ ವಾಸನೆ ತಿಳಿಯಲಿಲ್ಲ. ಹುಟ್ಟಿನಿಂದ ಬಂದ ಮೂಗು, ಅಷ್ಟೇ. ನಿಮ್ಮ ಗುಂಪಿನಲ್ಲಿ ಹತ್ತು ಜನ ಇದ್ದರೆ ನಿಮ್ಮ ಹಾಗೆ ಇನ್ನೊಬ್ಬರು ಇರಬಹುದು. ಅವರೂ ಸುಮ್ನೆ ತಲೆಯಾಡಿಸುತ್ತಿರಬಹುದು.

ನಮ್ಮ ಗುಂಪಿನಲ್ಲೂ ಒಬ್ಬರಿದ್ದಾರೆ. ಸೇನೆಯಿಂದ ನಿವೃತ್ತರಾದ ಸುಬೇದಾರರು. ಅವರ ತೋಟದಲ್ಲಿ ಸಿಲ್ವರ್ ಓಕ್ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಒಂದು ಸಂಜೆ ಶಿರಾಜ್ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಚೀಟಿಯಲ್ಲಿ ‘ನೇರಳೆ ಹಣ್ಣು’ ಅಂತ ಬರೆದರು. ಎದುರಿಗೆ ಕೂತಿದ್ದ ಅವರ ಹೆಂಡತಿ, ‘ಅಯ್ಯೋ, ಈಗ ತಾನೇ ಮೆಣಸು ಜಜ್ಜಿದ ಹಾಗಿದೆಯಲ್ಲ’ ಅಂದರು. ಸುಬೇದಾರರು ಮತ್ತೆ ಮೂಸಿದರು. ಇಲ್ಲ. ಹೆಂಡತಿ ಒಳಗೆ ಹೋಗಿ ನಾಲ್ಕು ಕಾಳು ಜಜ್ಜಿ ಅಂಗೈಯಲ್ಲೇ ತಂದು ಹಿಡಿದರು. ‘ಇದು ಮೆಣಸು, ಗೊತ್ತಾಗದೆ ಏನು? ಅದರಲ್ಲಿ ಇದಿಲ್ಲ’ ಅಂದರು ಇವರು. ಇಬ್ಬರೂ ಹೇಳಿದ್ದು ನಿಜವೇ. ಮೆಣಸಿನ ಕಾಳಿನಲ್ಲಿ ಪೈನೀನ್, ಲಿಮೊನೀನ್ ಥರದ ಬೇರೆ ಪರಿಮಳಗಳೂ ಇವೆ, ಖಾರಕ್ಕೆ ಪೈಪರೀನ್ ಇದೆ. ರೊಟಂಡೋನ್ ಸಿಗದವರಿಗೂ ಅವೆಲ್ಲ ಸಿಗುತ್ತವೆ. ವೈನಿನಲ್ಲಿ ಮೆಣಸು ಅಂತ ಹಿಡಿಯಲು ಅವರಿಗೆ ಬೇರೇನೂ ಇಲ್ಲ. ಚೀಟಿಯಲ್ಲಿ ನೇರಳೆ ಹಣ್ಣು ಹಾಗೇ ಉಳಿಯಿತು.

ಇನ್ನು ಆ ‘ಹೂಂ ಹೂಂ’ ವಿಷಯ. ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಪ್ರಯೋಗ ಮಾಡಿದ್ದರು, 2001ರಲ್ಲಿ ಪ್ರಕಟವಾಯಿತು. ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಅದಕ್ಕೂ ಹೇಳಿದರು. ಕಣ್ಣು ಹೇಳಿದ್ದನ್ನು ಮೂಗು ನಂಬಿತು. ಕಣ್ಣೇ ಹೀಗೆ ಮಾಡಿದರೆ, ಪಕ್ಕದಲ್ಲಿ ಕೂತ ಡಾಕ್ಟರೋ ಹೋಂಸ್ಟೇ ಮಾಲೀಕರೋ ಗಟ್ಟಿ ದನಿಯಲ್ಲಿ ‘ಮೆಣಸು!’ ಅಂದಾಗ ಏನಾಗಬೇಡ?

ಅದಕ್ಕೆ ನಮ್ಮಲ್ಲಿ ಬಾಟಲಿಗೆ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಸುರಿಯುವವರು ಆಟಕ್ಕಿಲ್ಲ. ಎಲ್ಲರೂ ಬರೆದು ಮುಗಿಸುವವರೆಗೆ ಬಾಯಿ ಬಿಡುವಂತಿಲ್ಲ, ಮುಖ ಹಿಂಡುವಂತೆಯೂ ಇಲ್ಲ. ಪ್ಯಾರಿಸ್‌ನಲ್ಲಿ 1976ರ ಮೇ 24ರಂದು ಹೀಗೇ ಹೆಸರು ಮುಚ್ಚಿ ಕೊಟ್ಟಾಗ, ಫ್ರಾನ್ಸಿನ ತೀರ್ಪುಗಾರರೇ ಬಿಳಿಯಲ್ಲೂ ಕೆಂಪಿನಲ್ಲೂ ಕ್ಯಾಲಿಫೋರ್ನಿಯಾದ ವೈನಿಗೆ ಮೊದಲ ಸ್ಥಾನ ಕೊಟ್ಟಿದ್ದರು. ಲೇಬಲ್ ಕಾಣಿಸುತ್ತಿದ್ದರೆ ಕೊಡುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಬರೆಯುವಾಗ ಪುಸ್ತಕದ ಮಾತು ಬೇಡ. ಬ್ಲ್ಯಾಕ್‌ಕರಂಟ್ ಅಂತ ಬರೆಯುವ ಎಷ್ಟು ಜನ ಆ ಹಣ್ಣನ್ನು ಕಂಡಿದ್ದೀರಿ? ಕಿತ್ತಳೆ ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆ, ಮಾರ್ಚಿಯಲ್ಲಿ ಮಳೆ ಬಿದ್ದ ಮೇಲೆ ಅರಳಿದ ಕಾಫಿ ಹೂವು, ಏಲಕ್ಕಿ ಒಣಗಿಸಿದ ಕೋಣೆ, ಮಳೆಗಾಲದಲ್ಲಿ ಬಾಗಿಲು ಹಾಕಿಟ್ಟ ಬೀರು. ನಿಮಗೆ ಗೊತ್ತಿರುವುದು ಇವು. ನಮ್ಮ ಗುಂಪಿನಲ್ಲಿ ಒಬ್ಬರು ಒಂದು ಹಳೇ ವೈನಿಗೆ ‘ಒಲೆ ಮೇಲಿನ ಅಟ್ಟ’ ಅಂತ ಬರೆದಿದ್ದರು. ಎಲ್ಲರಿಗೂ ತಟ್ಟನೆ ಅರ್ಥವಾಯಿತು.

ಪ್ರಶ್ನೆ: ಪಂದಿ ಕರಿ ಜೊತೆ ಯಾವ ವೈನ್ ಸರಿ?
- ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಹತ್ತರಲ್ಲಿ ಒಂಬತ್ತು ಜನ ಕಣ್ಣು ಮುಚ್ಚಿ ದಪ್ಪ ಕೆಂಪು ವೈನ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಾಂಸ, ಕೊಬ್ಬು ಕೆಂಪು ವೈನಿನ ಒಗರನ್ನು ತಗ್ಗಿಸುತ್ತವೆ ಅನ್ನುವುದು ನಿಜ. ಆದರೆ ನಮ್ಮ ಪಂದಿ ಕರಿಯಲ್ಲಿ ಖಾರ ಇದೆ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಬಾಯಿ ಉರಿ ಜಾಸ್ತಿ. ಜೊತೆಗೆ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ. ಊಟ ಹುಳಿ ಇದ್ದಾಗ ವೈನಿನ ಹುಳಿ ನಾಲಿಗೆಗೆ ಕಮ್ಮಿ ಅನ್ನಿಸುತ್ತದೆ. ಹುಳಿ ಕಮ್ಮಿ ಇರುವ ವೈನ್ ಆದರಂತೂ ಸಪ್ಪೆ. ನನ್ನ ಆಯ್ಕೆ ತುಸು ಸಿಹಿ ಇರುವ ಚೆನಿನ್ ಬ್ಲಾಂಕ್ ಎಂಬ ಬಿಳಿ ವೈನ್, ಚೆನ್ನಾಗಿ ತಣ್ಣಗೆ ಮಾಡಿದ್ದು. ಜೊತೆಗಿರುವ ಅಕ್ಕಿ ಉಂಡೆ ಕಡಂಬುಟ್ಟಿಗೂ ಹೊಂದುತ್ತದೆ. ಕೆಂಪೇ ಬೇಕು ಅಂದರೆ ಹಗುರವಾದದ್ದು ತನ್ನಿ.

ಪ್ರಶ್ನೆ: ಮಡಿಕೇರಿ ಅಂಗಡಿಗಳಲ್ಲಿ ಸಿಗುವ ಹೋಂಮೇಡ್ ವೈನ್ - ಪ್ಯಾಶನ್ ಫ್ರೂಟ್, ಶುಂಠಿ, ವೀಳ್ಯದೆಲೆ - ಇವನ್ನೂ ಟೇಸ್ಟಿಂಗಿಗೆ ಇಡಬಹುದಾ? ಗೆಳತಿಯರು ನಗ್ತಾರೆ.
- ಓದುಗರೊಬ್ಬರು, ಮೈಸೂರು

ಉತ್ತರ: ನಗಲಿ ಬಿಡಿ, ಇಡಿ. ದ್ರಾಕ್ಷಿ ವೈನಿನ ಪಕ್ಕ ಮಾತ್ರ ಇಡಬೇಡಿ, ಇವನ್ನೇ ಮೂರು ಸಾಲಾಗಿಡಿ. ಕೊಡಗಿನ ಮಳೆಗೆ ವೈನ್ ದ್ರಾಕ್ಷಿ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಇಲ್ಲಿನವರು ಕೈಗೆ ಸಿಕ್ಕಿದ್ದರಲ್ಲಿ ಮಾಡುತ್ತಾರೆ. ಶುಂಠಿಯಲ್ಲಾಗಲೀ ಎಲೆಯಲ್ಲಾಗಲೀ ವೈನ್ ಆಗುವಷ್ಟು ಸಿಹಿ ಇಲ್ಲ. ಅಮಲು ಬರುವುದು ಹಾಕಿದ ಸಕ್ಕರೆಯಿಂದ, ಎಲೆ ಕೊಡುವುದು ಪರಿಮಳ. ಅದಕ್ಕೇ ಬಹಳಷ್ಟು ಬಾಟಲಿಗಳು ಪಾನಕದಷ್ಟು ಸಿಹಿ. ಪ್ಯಾಶನ್ ಫ್ರೂಟ್ ನನಗೆ ಇಷ್ಟ, ಹಣ್ಣಿನ ಹುಳಿ ಆ ಸಿಹಿಯನ್ನು ಸರಿತೂಗಿಸುತ್ತದೆ. ನೇಲ್ ಪಾಲಿಶ್ ವಾಸನೆ ಬಂದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕುಡಿಯಬೇಡಿ. ಮುಚ್ಚಳ ತೆಗೆದಾಗ ‘ಟಪ್’ ಅಂದು ಉಕ್ಕಿದರೆ ಒಳಗೆ ಮತ್ತೆ ಹುದುಗುತ್ತಿದೆ ಅಂತ ಅರ್ಥ. ಅಂಥ ಬಾಟಲಿಯನ್ನು ಬಿಗಿಯಾಗಿ ಮುಚ್ಚಿಡಬೇಡಿ, ಒಡೆಯುತ್ತದೆ.

ಪ್ರಶ್ನೆ: ರುಚಿ ನೋಡಿ ಉಗುಳಬೇಕಂತೆ. ಆತಿಥ್ಯ ಮಾಡಿದವರ ಎದುರು ಹೇಗೆ ಉಗುಳುವುದು?
- ಓದುಗರೊಬ್ಬರು, ಮಡಿಕೇರಿ

ಉತ್ತರ: ಕಾಫಿ ರುಚಿ ನೋಡುವವರು ದಿನಾ ಉಗುಳುತ್ತಾರೆ, ಯಾರಿಗೂ ಬೇಜಾರಿಲ್ಲ. ಮೇಜಿನ ಮೇಲೆ ಒಂದು ಹೂಜಿ ಇಡಿ, ಮನೆಯವರೇ ಮೊದಲು ಉಗುಳಿ ತೋರಿಸಲಿ. ನುಂಗುವವರು ನುಂಗಲಿ, ಆದರೆ ಅವರು ಕಾರಿನ ಕೀಲಿ ಮನೆಯವರ ಕೈಗೆ ಕೊಟ್ಟಿರಬೇಕು. ನಮ್ಮ ರಸ್ತೆಗಳ ತಿರುವು ನಿಮಗೇ ಗೊತ್ತಲ್ಲ.

ಪ್ರಶ್ನೆ: ಉಳಿದ ವೈನ್ ಎಷ್ಟು ದಿನ ಇಡಬಹುದು?
- ಅದೇ ಓದುಗರು

ಉತ್ತರ: ಬಿರಡೆ ಹಾಕಿ, ಕೆಂಪಾದರೂ ಫ್ರಿಜ್ಜಿನಲ್ಲೇ ಇಡಿ. ಮೂರು ನಾಲ್ಕು ದಿನ ಪರವಾಗಿಲ್ಲ. ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿಸಿಟ್ಟರೆ ಇನ್ನೂ ಒಳ್ಳೆಯದು, ಗಾಳಿ ಕಮ್ಮಿ. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡಿಬಿಡುತ್ತದೆ. ಹಾಗೆ ಹುಳಿಯಾದರೆ ಸಲಾಡಿಗೆ ಹಾಕಿ. ಪಂದಿ ಕರಿಗೆ ಕಾಚಂಪುಳಿ ಬದಲು ಮಾತ್ರ ಹಾಕಬೇಡಿ, ಮೊದಲ ತುತ್ತಿಗೇ ಸಿಕ್ಕಿಬೀಳುತ್ತೀರಿ.