ಎಲ್ ಪಾಸೋಗೆ ಮಗಳನ್ನು ಕಳಿಸಬಹುದಾ?

ಹಾಸನದ ನಿವೃತ್ತ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಪೂರ್ತಿ ಅಚ್ಚು ಹಾಕುವಷ್ಟು ಜಾಗ ಇಲ್ಲ. ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಲಿ ಅಂತ ಚುಟುಕಾಗಿ ಹೇಳುತ್ತೇನೆ. ನಿಮ್ಮ ಮಗಳಿಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ಎಲ್ ಪಾಸೋ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದೆ, ಸ್ಟೈಪೆಂಡೂ ಇದೆ. ಮನೆಯಲ್ಲಿ ಸಿಹಿ ಹಂಚಿದ್ದೂ ಆಯಿತು. ಅಷ್ಟರಲ್ಲಿ ನೆಂಟರೊಬ್ಬರು ಫೋನಿನಲ್ಲಿ ಮ್ಯಾಪ್ ತೆಗೆದು ತೋರಿಸಿದರು. ಕ್ಯಾಂಪಸ್ ಪಕ್ಕದಲ್ಲೇ ಮೆಕ್ಸಿಕೋ ಗಡಿ, ಆಚೆ ಸಿಯುದಾದ್ ಹುವಾರೆಸ್. ಉಳಿದ ಕೆಲಸ ಯೂಟ್ಯೂಬ್ ಮಾಡಿತು. ಈಗ ನಿಮ್ಮ ಮನೆಯವರಿಗೆ ರಾತ್ರಿ ನಿದ್ದೆ ಇಲ್ಲ. "ಡ್ರಗ್ಸ್ ಮಾಫಿಯಾದ ಬಾಗಿಲಿಗೇ ಮಗಳನ್ನು ಕಳಿಸುವುದಾ? ಆ ಊರುಗಳಲ್ಲಿ ಜನ ಹೇಗಾದರೂ ಬದುಕುತ್ತಾರೆ? ಮುಚ್ಚುಮರೆ ಇಲ್ಲದೆ ಹೇಳಿ" ಅಂತ ಕೇಳಿದ್ದೀರಿ.

ಕಳಿಸಿ ಮೇಷ್ಟ್ರೇ. ಆದರೆ ನೀವು ಹೆದರಿರುವುದು ಒಂದಕ್ಕೆ, ಎಚ್ಚರ ಇರಬೇಕಾದದ್ದು ಇನ್ನೊಂದಕ್ಕೆ. ಅದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮ್ಯಾಪ್ ಸುಳ್ಳು ಹೇಳಿಲ್ಲ. ಎರಡೂ ಊರು ಅಂಟಿಕೊಂಡೇ ಇವೆ. ನಡುವೆ ಇರುವುದು ರಿಯೊ ಗ್ರಾಂಡ್ ನದಿ. ಸೇತುವೆ ಮೇಲೆ ನಡೆದೇ ದಾಟಬಹುದು. ಈಚೆ ಸುಮಾರು 7 ಲಕ್ಷ ಜನ, ಆಚೆ ಅದರ ಎರಡರಷ್ಟು. 2010ರಲ್ಲಿ ಹುವಾರೆಸ್ ಒಂದರಲ್ಲೇ 3,000ದಷ್ಟು ಕೊಲೆಗಳಾದವು. ಅದೇ ವರ್ಷ ಎಲ್ ಪಾಸೋದಲ್ಲಿ ಆದ ಕೊಲೆ 5. ಸೊನ್ನೆ ಬಿಟ್ಟುಹೋಗಿಲ್ಲ, ಐದೇ. ಆ ಕಾಲದಲ್ಲಿ ಅಮೆರಿಕದ ದೊಡ್ಡ ಊರುಗಳ ಪೈಕಿ ಅತಿ ಸುರಕ್ಷಿತ ಅಂತ ಎಲ್ ಪಾಸೋ ಹೆಸರು ವರ್ಷ ವರ್ಷ ಪಟ್ಟಿಯಲ್ಲಿ ಬರುತ್ತಿತ್ತು.

ಗುಂಡು ಈಚೆಗೆ ಬರಲೇ ಇಲ್ಲ ಅಂತಲ್ಲ. 2010ರ ಜೂನಿನಲ್ಲಿ ಆಚೆಯ ಕಾಳಗದ ಗುಂಡುಗಳು ಎಲ್ ಪಾಸೋದ ಸಿಟಿ ಹಾಲ್ ಗೋಡೆಗೆ ಬಡಿದವು. ಆಗಸ್ಟಿನಲ್ಲಿ ನಿಮ್ಮ ಮಗಳು ಹೋಗುವ ಕ್ಯಾಂಪಸ್ಸಿನ ಕಟ್ಟಡಕ್ಕೇ ಒಂದು ತಾಗಿತು. ಯಾರಿಗೂ ಏನೂ ಆಗಲಿಲ್ಲ. ಮುಚ್ಚುಮರೆ ಬೇಡ ಅಂದಿರಲ್ಲ, ಅದಕ್ಕೆ ಇದನ್ನೂ ಹೇಳಿದೆ.

ಇಷ್ಟು ಹತ್ತಿರ ಇದ್ದೂ ಇಷ್ಟೊಂದು ವ್ಯತ್ಯಾಸ ಯಾಕೆ? ಈಚೆ ಜನ ಒಳ್ಳೆಯವರು, ಆಚೆಯವರು ಕೆಟ್ಟವರು ಅಂತ ಅಲ್ಲ. ಎಷ್ಟೋ ಕುಟುಂಬಗಳು ಅರ್ಧ ಈಚೆ, ಅರ್ಧ ಆಚೆ ಇವೆ. ವಿಷಯ ವ್ಯಾಪಾರದ್ದು. ಕಾರ್ಟೆಲ್‌ಗಳಿಗೆ, ಅಂದರೆ ಡ್ರಗ್ಸ್ ಸಾಗಿಸುವ ದೊಡ್ಡ ಗ್ಯಾಂಗುಗಳಿಗೆ, ಎಲ್ ಪಾಸೋ ಅಂದರೆ ಮಾಲು ಇಳಿಸಿ, ಅಡಗಿಸಿಟ್ಟು, ಹೆದ್ದಾರಿ ಹತ್ತಿಸುವ ಜಾಗ. ಅಲ್ಲಿ ರಕ್ತ ಹರಿದರೆ ಎಫ್‌ಬಿಐ ಬರುತ್ತದೆ, ಸೇತುವೆಯಲ್ಲಿ ತಪಾಸಣೆ ಜಾಸ್ತಿಯಾಗುತ್ತದೆ, ಅವರದೇ ಕಸುಬು ಕೆಡುತ್ತದೆ. ಜಗಳ ಇರುವುದು ದಾಟುವ ಹಾದಿ ಯಾರ ಕೈಯಲ್ಲಿರಬೇಕು ಅನ್ನುವುದಕ್ಕೆ. ಆ ಜಗಳ ದಕ್ಷಿಣದ ದಡದಲ್ಲೇ ನಡೆಯುತ್ತದೆ. 2008ರಿಂದ 2011ರವರೆಗೆ ಸಿನಲೋವಾ ಕಾರ್ಟೆಲ್ ಮತ್ತು ಹುವಾರೆಸ್ ಕಾರ್ಟೆಲ್ ಇದಕ್ಕಾಗಿಯೇ ಬಡಿದಾಡಿದವು. ಮೆಕ್ಸಿಕೋದ ಆಗಿನ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ಸಾವಿರಾರು ಸೈನಿಕರನ್ನು ಊರಿಗೆ ಇಳಿಸಿದರು. ಸೈನ್ಯ ಬಂದ ಮೇಲೂ ಕೊಲೆ ಏರುತ್ತಲೇ ಹೋಯಿತು. ಆ ನಾಲ್ಕು ವರ್ಷಗಳಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು.

ಇನ್ನೊಂದು ಮಾತನ್ನು ಯೂಟ್ಯೂಬ್ ವೀರರು ಹೇಳುವುದೇ ಇಲ್ಲ. ಇಡೀ ಮೆಕ್ಸಿಕೋದಲ್ಲಿ ಕಾನೂನುಬದ್ಧವಾಗಿ ಬಂದೂಕು ಮಾರುವ ಅಂಗಡಿ ಎರಡೇ ಎರಡು, ಎರಡನ್ನೂ ನಡೆಸುವುದು ಸೈನ್ಯ. ಹಾಗಾದರೆ ಅಷ್ಟೊಂದು ರೈಫಲ್ ಎಲ್ಲಿಂದ ಬಂತು? ಮೆಕ್ಸಿಕೋ ವಶಪಡಿಸಿಕೊಂಡು ಮೂಲ ಹುಡುಕಲು ಅಮೆರಿಕಕ್ಕೆ ಕೊಟ್ಟ ಬಂದೂಕುಗಳಲ್ಲಿ ಶೇ. 70ರಷ್ಟು ಅಮೆರಿಕದಿಂದಲೇ ಹೋದವು ಅಂತ ಅಮೆರಿಕ ಸರ್ಕಾರದ ಲೆಕ್ಕಪರಿಶೋಧಕರೇ 2016ರಲ್ಲಿ ಹೇಳಿದ್ದಾರೆ. ಇನ್ನು ಉತ್ತರಕ್ಕೆ ಬರುವ ಫೆಂಟನಿಲ್ ಅನ್ನುವ ಅತಿ ತೀಕ್ಷ್ಣ ಮಾದಕ ವಸ್ತು. ಅದು ಬಹುಪಾಲು ಬರುವುದು ಮರಳುಗಾಡಿನಲ್ಲಿ ನಡೆದು ಬರುವವರ ಬೆನ್ನಮೇಲೆ ಅಲ್ಲ, ಅಧಿಕೃತ ಸೇತುವೆಗಳ ಮೇಲೆ ಕಾರು, ಲಾರಿಗಳಲ್ಲಿ. ಈ ಕೇಸುಗಳಲ್ಲಿ ಶಿಕ್ಷೆಯಾದವರಲ್ಲಿ ಜಾಸ್ತಿ ಜನ ಅಮೆರಿಕದ ಪೌರರೇ. 2021, 2022ರಲ್ಲಿ ಅಮೆರಿಕದಲ್ಲಿ ಮಾದಕ ವಸ್ತು ಮಿತಿಮೀರಿ ಸತ್ತವರು ವರ್ಷಕ್ಕೆ 1 ಲಕ್ಷ ದಾಟಿದರು. ಈ ಸಾವುಗಳು ನಡೆಯುವುದು ಬೀದಿಯಲ್ಲಿ ಗುಂಡು ಹಾರಿ ಅಲ್ಲ, ಮನೆಯ ಬಚ್ಚಲಲ್ಲಿ, ಹಾಸ್ಟೆಲ್ ರೂಮಲ್ಲಿ. ಕ್ಯಾಮೆರಾಗೆ ಅದು ರುಚಿಸುವುದಿಲ್ಲ.

ಜನ ಹೇಗೆ ಬದುಕುತ್ತಾರೆ ಅಂತ ಕೇಳಿದ್ದೀರಿ. 2010ರ ಜನವರಿ 30ರ ರಾತ್ರಿ ಹುವಾರೆಸ್‌ನ ವಿಯಾಸ್ ದೆ ಸಲ್ವಾರ್ಕರ್ ಅನ್ನುವ ಬಡಾವಣೆಯಲ್ಲಿ ಹುಡುಗರ ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿತ್ತು. ಬಂದೂಕುಧಾರಿಗಳು ಬಂದು 15 ಜನರನ್ನು ಕೊಂದರು. ಹೆಚ್ಚಿನವರು ಓದುವ ಮಕ್ಕಳು. ವಿರೋಧಿ ಗುಂಪಿನವರು ಅಂತ ತಪ್ಪು ತಿಳಿದು ಬಂದಿದ್ದರು. ಅಧ್ಯಕ್ಷರು ಆಗ ವಿದೇಶದಲ್ಲಿದ್ದರು. ಇದು ಗ್ಯಾಂಗುಗಳ ಒಳಜಗಳ ಇರಬಹುದು ಅಂದುಬಿಟ್ಟರು. ಊರು ಸಿಡಿದೆದ್ದಿತು. ಫೆಬ್ರವರಿಯಲ್ಲಿ ಅವರು ಹುವಾರೆಸ್‌ಗೆ ಬಂದಾಗ, ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಒಬ್ಬ ತಾಯಿ ಎದ್ದು ಹೋಗಿ ಅವರ ಎದುರಿಗೇ ನಿಂತು, ನಿಮಗೆ ಸ್ವಾಗತ ಹೇಳಲಾರೆ ಅಂದರು. ಫ್ಯಾಕ್ಟರಿಯಲ್ಲಿ ದುಡಿಯುವ ಹೆಂಗಸು. ಡ್ರಗ್ಸ್ ಹಿಂಸೆಯಲ್ಲಿ ಸತ್ತವರೆಲ್ಲ "ಅವರವರೇ ಹೊಡೆದಾಡಿಕೊಂಡವರು" ಅನ್ನುವ ಮಾತು ನಮ್ಮಲ್ಲೂ ಬಹಳ ಸಲೀಸಾಗಿ ಬಾಯಿಗೆ ಬರುತ್ತದೆ, ಅಲ್ವಾ?

ಕೊಲೆಗಿಂತ ದಿನದಿನದ ಬದುಕನ್ನು ಹಿಂಡಿದ್ದು ಹಫ್ತಾ. ಔಷಧಿ ಅಂಗಡಿ, ಹೋಟೆಲು, ಗ್ಯಾರೇಜು, ಬಸ್ಸು ಓಡಿಸುವವರು ಎಲ್ಲರೂ ಕೊಡಬೇಕಿತ್ತು. ಕೊಡದಿದ್ದರೆ ಅಂಗಡಿಗೆ ಬೆಂಕಿ. ಅನುಕೂಲ ಇದ್ದವರು ಹೋಟೆಲನ್ನೇ ಎಲ್ ಪಾಸೋಗೆ ಎತ್ತಿಕೊಂಡು ಹೋದರು. ಇಲ್ಲದವರು ಬೀದಿಯ ಎರಡೂ ತುದಿಗೆ ತಾವೇ ದುಡ್ಡು ಹಾಕಿ ಗೇಟು ಕಟ್ಟಿಕೊಂಡರು. ಆದರೂ ಫ್ಯಾಕ್ಟರಿಗಳ ಶಿಫ್ಟ್ ನಿಲ್ಲಲಿಲ್ಲ, ಶಾಲೆ ನಿಲ್ಲಲಿಲ್ಲ. ಹುವಾರೆಸ್‌ನಲ್ಲೇ ಮನೆ ಇರುವ ನೂರಾರು ವಿದ್ಯಾರ್ಥಿಗಳು ನಿಮ್ಮ ಮಗಳು ಸೇರುವ ವಿಶ್ವವಿದ್ಯಾಲಯಕ್ಕೆ ಆಗಲೂ ದಿನಾ ಸೇತುವೆ ದಾಟಿ ಬರುತ್ತಿದ್ದರು.

ನನ್ನ ಕಸುಬಿನವರ ವಿಷಯ ಹೇಳದೆ ಇರಲಾರೆ. ಆ ಊರಿನ ಪತ್ರಿಕೆ 'ಎಲ್ ದಿಯಾರಿಯೊ'. 2008ರಲ್ಲಿ ಅದರ ಕ್ರೈಮ್ ವರದಿಗಾರನನ್ನು ಮನೆ ಮುಂದೆಯೇ ಕೊಂದರು. 2010ರ ಸೆಪ್ಟೆಂಬರಿನಲ್ಲಿ 21 ವರ್ಷದ ಫೋಟೋಗ್ರಾಫರನನ್ನು ಕೊಂದರು. ಆಗ ಪತ್ರಿಕೆ ಕಾರ್ಟೆಲ್‌ಗಳನ್ನೇ ಉದ್ದೇಶಿಸಿ ಮುಖಪುಟದಲ್ಲಿ ಸಂಪಾದಕೀಯ ಬರೆಯಿತು. ನಮ್ಮಿಂದ ನಿಮಗೆ ಏನು ಬೇಕು, ಏನು ಅಚ್ಚು ಹಾಕಬೇಕು, ಏನು ಹಾಕಬಾರದು ಹೇಳಿ ಅಂತ. ಈ ಊರನ್ನು ನಿಜಕ್ಕೂ ಆಳುತ್ತಿರುವವರು ನೀವೇ ಅಂತಲೂ ಬರೆಯಿತು. ಕೆಲವರು ಶರಣಾಗತಿ ಅಂದರು. ನನಗೆ ಹಾಗನ್ನಿಸಲಿಲ್ಲ. ಸರ್ಕಾರದ ಮುಖಕ್ಕೆ ಇದಕ್ಕಿಂತ ಜೋರಾಗಿ ಹೊಡೆಯುವುದು ಕಷ್ಟ. ಪತ್ರಿಕೆಗಳು ಬಾಯಿ ಮುಚ್ಚಿದ ಕಡೆ ಜನರೇ ಸುದ್ದಿ ಹಂಚಿದರು. ಪೂರ್ವದ ರೆಯ್ನೊಸಾ ಊರಿನಲ್ಲಿ ಕೆಲಸಕ್ಕೆ ಹೊರಡುವ ಮೊದಲು ಟ್ವಿಟರ್ ನೋಡಿ, ಯಾವ ರಸ್ತೆಯಲ್ಲಿ ಗುಂಡಿನ ಸದ್ದು ಇದೆ ಅಂತ ತಿಳಿದುಕೊಂಡು ಹೊರಡುವುದು ರೂಢಿಯಾಯಿತು.

2012ರ ಹೊತ್ತಿಗೆ ಹುವಾರೆಸ್‌ನಲ್ಲಿ ಕೊಲೆ ಇಳಿಯಿತು. ಒಂದು ಗುಂಪಿನ ಕೈ ಮೇಲಾಯಿತು ಅನ್ನುವುದೇ ಮುಖ್ಯ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಪೊಲೀಸರನ್ನು ಬದಲಿಸಿದ್ದು, ಊರಿನ ಜನ ಸಮಿತಿ ಕಟ್ಟಿದ್ದು ಕೂಡ ಕೆಲಸ ಮಾಡಿತು ಅನ್ನುವವರಿದ್ದಾರೆ. ಆದರೆ 2018ರಿಂದ ಮತ್ತೆ ಏರಿ, ವರ್ಷಕ್ಕೆ 1,000 ದಾಟಿತು. 2022ರ ಆಗಸ್ಟ್ 11ರಂದು ಜೈಲಿನೊಳಗಿನ ಜಗಳ ಊರಿಗೇ ಹರಡಿ, ಅಂಗಡಿಗಳಿಗೆ ಬೆಂಕಿ ಬಿತ್ತು, ರೇಡಿಯೋ ಕೇಂದ್ರದ ನಾಲ್ವರು ನೌಕರರೂ ಸತ್ತರು.

ಈಗ ಎಲ್ ಪಾಸೋಗೆ ಬರುತ್ತೇನೆ. ಆ ಊರಿನ ಅತಿ ಕೆಟ್ಟ ದಿನ 2019ರ ಆಗಸ್ಟ್ 3. ವಾಲ್‌ಮಾರ್ಟ್ ಅಂಗಡಿಯಲ್ಲಿ ಒಬ್ಬ ಯುವಕ ಗುಂಡು ಹಾರಿಸಿ 23 ಜನರ ಸಾವಿಗೆ ಕಾರಣನಾದ. ಸತ್ತವರಲ್ಲಿ ಸಾಮಾನು ತರಲು ಆಚೆಯಿಂದ ಬಂದಿದ್ದ ಮೆಕ್ಸಿಕೋದವರೂ ಇದ್ದರು. ಕೊಂದವನು ಸೇತುವೆ ದಾಟಿ ಬಂದವನಲ್ಲ, ಕಾರ್ಟೆಲ್‌ನವನೂ ಅಲ್ಲ. ಪೂರ್ವದಲ್ಲಿ ಡಲ್ಲಾಸ್ ಪಕ್ಕದಿಂದ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದಿದ್ದ ಬಿಳಿಯ. ಮೆಕ್ಸಿಕನ್ ಮೂಲದವರು ನಮ್ಮ ನಾಡನ್ನು ಆಕ್ರಮಿಸುತ್ತಿದ್ದಾರೆ ಅನ್ನುವ ದ್ವೇಷ ತಲೆಯಲ್ಲಿ ತುಂಬಿಕೊಂಡಿದ್ದ. ನಿಮ್ಮ ನೆಂಟರು ಮ್ಯಾಪಿನಲ್ಲಿ ಬೆರಳಿಟ್ಟು ತೋರಿಸಿದ್ದು ದಕ್ಷಿಣದ ಕಡೆಗೆ.

ಹಾಗಂತ ಮಗಳಿಗೆ ಎಚ್ಚರ ಬೇಡ ಅನ್ನುತ್ತಿಲ್ಲ. ಡ್ರಗ್ಸ್ ವಿಷಯದಲ್ಲಿ ಅವಳಿಗೆ ಇರುವ ನಿಜವಾದ ಅಪಾಯ ಬಹಳ ಸಪ್ಪೆಯಾದದ್ದು. ಎಲ್ ಪಾಸೋಗೆ ಅಂಟಿಕೊಂಡ ಸನ್‌ಲ್ಯಾಂಡ್ ಪಾರ್ಕ್ ಊರು ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಸೇರಿದ್ದು. ಅಲ್ಲಿ ಗಾಂಜಾ ಅಂಗಡಿಗಳು ರಾಜಾರೋಷವಾಗಿ ನಡೆಯುತ್ತವೆ. ಚಾಕೊಲೇಟು, ಮಿಠಾಯಿ ರೂಪದಲ್ಲೂ ಸಿಗುತ್ತದೆ. ಆದರೆ ಟೆಕ್ಸಾಸ್‌ನಲ್ಲಿ ಅದು ಅಪರಾಧ. ಕೇಂದ್ರ ಸರ್ಕಾರದ ಕಾನೂನಿನಲ್ಲೂ ಅಪರಾಧ, ವೀಸಾ ಇರುವುದು ಆ ಕಾನೂನಿನ ಕೈಯಲ್ಲಿ. ವೈಟ್ ಸ್ಯಾಂಡ್ಸ್ ಅನ್ನುವ ಬಿಳಿ ಮರಳಿನ ದಿಬ್ಬಗಳನ್ನು ನೋಡಲು ಗೆಳತಿಯರ ಜೊತೆ ಹೋಗಿ ಬರುವಾಗ ದಾರಿಯಲ್ಲೇ ಗಡಿ ಪೊಲೀಸರ ಚೆಕ್‌ಪೋಸ್ಟ್ ಸಿಗುತ್ತದೆ. ಪಾಸ್‌ಪೋರ್ಟು, ವಿಶ್ವವಿದ್ಯಾಲಯ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಐ-20 ಕಾಗದ ಬ್ಯಾಗಿನಲ್ಲಿರಲಿ. ಇನ್ನೊಬ್ಬರ ಪೊಟ್ಟಣ ಬ್ಯಾಗಿನಲ್ಲಿ ಇರಬಾರದು. ಕಾಯಿಲೆಗೆ ಮಾತ್ರೆ ಬೇಕಾದರೆ ಡಾಕ್ಟರ ಚೀಟಿ ತೋರಿಸಿ ಅಂಗಡಿಯಿಂದಲೇ ತರಬೇಕು. ರೂಮ್‌ಮೇಟ್ ಕೊಟ್ಟ ನಿದ್ದೆ ಮಾತ್ರೆ, ಪರೀಕ್ಷೆ ಹೊತ್ತಿನ ಚುರುಕಿನ ಮಾತ್ರೆ ಬೇಡವೇ ಬೇಡ. ನಕಲಿ ಮಾತ್ರೆಯಲ್ಲಿ ಫೆಂಟನಿಲ್ ಇದ್ದರೆ ಒಂದೇ ಸಾಕು.

ಸೇತುವೆ ದಾಟಿ ಹುವಾರೆಸ್ ನೋಡಿ ಬರಬಹುದಾ ಅಂತ ಮಗಳು ಕೇಳುತ್ತಿದ್ದಾಳೆ ಅಂದಿದ್ದೀರಿ. ಹಗಲು, ಆ ಊರಿನವರೇ ಆದ ಸಹಪಾಠಿಗಳ ಜೊತೆ ಹೋಗಿ ಬರುವವರು ಬಹಳ ಜನ ಇದ್ದಾರೆ. ಆದರೆ ಮೊದಲ ವರ್ಷ ಬೇಡ ಅನ್ನುವುದು ನನ್ನ ಸಲಹೆ. ಆಮೇಲೂ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳಿ, ಐ-20 ಮೇಲೆ ಪ್ರಯಾಣದ ಸಹಿ ಇದೆಯಾ ನೋಡಿಯೇ ಹೋಗಬೇಕು. ಕಾರಿನಲ್ಲಿ ಬೇಡ. ಅಮೆರಿಕದ ಕಾರಿನ ಇನ್ಶೂರೆನ್ಸ್ ಸಾಮಾನ್ಯವಾಗಿ ಆಚೆ ನಡೆಯುವುದಿಲ್ಲ. ಸೀಟಿನ ಕೆಳಗೆ ಯಾರೋ ಮರೆತ ಒಂದು ತೋಟಾ ಸಿಕ್ಕರೂ ಮೆಕ್ಸಿಕೋದಲ್ಲಿ ಜೈಲಾಗಬಹುದು. 2011ರಲ್ಲಿ ಎಲ್ ಪಾಸೋದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ, ಹುವಾರೆಸ್‌ನಿಂದ ದಿನಾ ಓಡಾಡುತ್ತಿದ್ದ ಒಬ್ಬ ಟೀಚರ್ ಕಾರಿನ ಡಿಕ್ಕಿಯಲ್ಲಿ ಗಾಂಜಾ ಸಿಕ್ಕಿತು. ಕಳ್ಳಸಾಗಣೆಯವರು ನಕಲಿ ಕೀ ಮಾಡಿಸಿ ರಾತ್ರಿ ತುಂಬಿಸಿದ್ದರು. ಆಕೆಗೆ ಏನೂ ಗೊತ್ತಿರಲಿಲ್ಲ. ಬಿಡುಗಡೆಯಾಗುವ ಮೊದಲು ಹಲವು ವಾರ ಜೈಲಿನಲ್ಲಿರಬೇಕಾಯಿತು.

ನೀವು ಕಟಿಂಗ್ ಕಳಿಸಿದ ಮತಮೊರೊಸ್ ಪ್ರಕರಣ, ಅಂದರೆ 2023ರ ಮಾರ್ಚಿನಲ್ಲಿ ನಾಲ್ವರು ಅಮೆರಿಕನ್ನರನ್ನು ಅಪಹರಿಸಿ ಇಬ್ಬರು ಸತ್ತದ್ದು, ನಡೆದಿರುವುದು ತಮೌಲಿಪಾಸ್ ರಾಜ್ಯದಲ್ಲಿ. ಅಲ್ಲಿಗೆ ಹೋಗಲೇಬೇಡಿ ಅಂತ ಅಮೆರಿಕ ಸರ್ಕಾರ ತನ್ನ ಪ್ರಜೆಗಳಿಗೆ ಎಷ್ಟೋ ವರ್ಷದಿಂದ ಹೇಳುತ್ತಿದೆ. ಅದು ಎಲ್ ಪಾಸೋದಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಈ ಗಡಿಯ ಉದ್ದ ಸುಮಾರು 3,100 ಕಿಲೋಮೀಟರ್, ಒಂದೊಂದು ಊರಿನ ಕಥೆ ಒಂದೊಂದು.

ಕೊನೆಗೆ ನಿಮ್ಮ ಮನೆಯವರಿಗೆ ಒಂದು ಮಾತು. ಅಮ್ಮಾ, "ನಿಮ್ಮ ಮಗಳು ನಮ್ಮ ಕೈಯಲ್ಲಿದ್ದಾಳೆ, ಈಗಲೇ ದುಡ್ಡು ಹಾಕಿ" ಅಂತ ಫೋನ್ ಮಾಡಿ, ಹಿನ್ನೆಲೆಯಲ್ಲಿ ಯಾರನ್ನೋ ಅಳಿಸುವ ಮೋಸ ಆ ಗಡಿಯಲ್ಲಿ ಹಳೆಯದು, ಈಗ ಎಲ್ಲ ಕಡೆ ಇದೆ. ಹೆಚ್ಚಾಗಿ ಆ ಹೊತ್ತಿಗೆ ಮಕ್ಕಳು ಕ್ಲಾಸಿನಲ್ಲಿ ಆರಾಮಾಗಿ ಕೂತಿರುತ್ತಾರೆ. ಅವಳು ಹೊರಡುವ ಮೊದಲು ನೀವು ಮೂವರೂ ಸೇರಿ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ, ಮನೆಯವರಿಗಷ್ಟೇ ತಿಳಿದಿರುವಂಥದ್ದು. ಅಂಥ ಫೋನ್ ಬಂದರೆ ಆ ಮಾತು ಹೇಳಿಸಿ ಅನ್ನಿ. ಹೇಳದಿದ್ದರೆ ಫೋನ್ ಇಟ್ಟು ಮಗಳ ನಂಬರಿಗೆ ಮಾಡಿ. ಅವಳ ಇಬ್ಬರು ಗೆಳತಿಯರ ನಂಬರು, ವಿಭಾಗದ ಆಫೀಸಿನ ನಂಬರು ಈಗಲೇ ಕ್ಯಾಲೆಂಡರಿನ ಪಕ್ಕ ಬರೆದು ಅಂಟಿಸಿಡಿ. ಅಲ್ಲಿಗೂ ನಮಗೂ ಹನ್ನೊಂದೂವರೆಯಿಂದ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನೀವು ಮಧ್ಯಾಹ್ನ ಮಾಡಿದರೆ ಅವಳು ನಿದ್ದೆಯಲ್ಲಿರುತ್ತಾಳೆ, ಎತ್ತಲಿಲ್ಲ ಅಂತ ಗಾಬರಿಯಾಗಬೇಡಿ.

— ಸಂಪಾದಕ