ಕದ್ದ ಚಿತ್ರದ ಬೆನ್ನು ಹತ್ತುವುದು ಎಲ್ಲಿ ಸಾರ್ಥಕ?

ಪ್ರಶ್ನೆ: ವಿರಾಜಪೇಟೆಯ ನಾನು ಟ್ಯಾಬ್ಲೆಟ್‌ನಲ್ಲಿ ಚಿತ್ರ ಬರೆದು ಮಾರುತ್ತೇನೆ. ಮಳೆಯಲ್ಲಿ ನೆನೆದು ನಿಂತ ಐನ್‌ಮನೆಯ (ಕೊಡವ ಕುಟುಂಬದ ಹಿರೀಕರ ಮನೆ) ನನ್ನ ಚಿತ್ರವೊಂದು ಇನ್‌ಸ್ಟಾಗ್ರಾಮ್‌ನಿಂದ ಹೊರಟು ಹತ್ತಾರು ಪುಟಗಳಲ್ಲಿ ನನ್ನ ಹೆಸರಿಲ್ಲದೆ ತಿರುಗುತ್ತಿದೆ. ಹೊರರಾಜ್ಯದ ವ್ಯಾಪಾರಿಯೊಬ್ಬರು ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದಾರೆ. ನಮ್ಮ ತಾಲ್ಲೂಕಿನದೇ ಒಂದು ಹೋಮ್‌ಸ್ಟೇ ನನ್ನ ಸಹಿಯನ್ನು ಕತ್ತರಿಸಿ, ಬೋರ್ಡಿಗೂ ವೆಬ್‌ಸೈಟಿಗೂ ಬಳಸಿಕೊಂಡಿದೆ. ನಾನು ಚಿತ್ರವನ್ನು ನೋಂದಾಯಿಸಿಲ್ಲ. ಒಬ್ಬ ಹೆಣ್ಣುಮಗಳು ಇವರೆಲ್ಲರ ಹಿಂದೆ ಓಡಾಡುವುದರಿಂದ ಪ್ರಯೋಜನವಿದೆಯೇ?

ಉತ್ತರ: ಎಲ್ಲರ ಹಿಂದೆ ಓಡಾಡುವುದರಿಂದ ಪ್ರಯೋಜನವಿಲ್ಲ, ಆದರೆ ನಿಮ್ಮ ಚಿತ್ರದಿಂದ ಹಣ ಗಳಿಸುತ್ತಿರುವ ಈ ಇಬ್ಬರನ್ನು ಸುಮ್ಮನೆ ಬಿಡಬಾರದು. ಚಿತ್ರವನ್ನು ಮೆಚ್ಚಿ ಹಂಚಿಕೊಂಡ ಪುಟಗಳಿಗೆ, ಚಿತ್ರ ನನ್ನದು, ಹೆಸರು ಸೇರಿಸಿ ಎಂದು ಒಂದು ಸಾಲು ಬರೆದರೆ ಸಾಕು. ಸೇರಿಸದಿದ್ದರೆ ಆ ಹೊತ್ತನ್ನು ಮುಂದಿನ ಚಿತ್ರಕ್ಕೆ ಕೊಡಿ.

ನೋಂದಣಿಯಿಲ್ಲವೆಂಬ ಅಳುಕು ಬೇಡ. 1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆಯಂತೆ ಚಿತ್ರ ರೂಪುಗೊಂಡಾಗಲೇ ಹಕ್ಕು ಹುಟ್ಟುತ್ತದೆ. ಅದು ಕಲಾವಿದರ ಜೀವಿತಕಾಲವಿಡೀ, ಆಮೇಲೆ ಇನ್ನೂ 60 ವರ್ಷ ಉಳಿಯುತ್ತದೆ. ನೋಂದಣಿಯಿದ್ದರೆ ಅದರ ನಮೂದೇ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಅಂದರೆ ಎದುರಾಳಿ ಸುಳ್ಳೆಂದು ತೋರಿಸುವವರೆಗೆ ಅದನ್ನು ಒಪ್ಪಲಾಗುತ್ತದೆ. ಶುಲ್ಕ ಒಂದು ಕಲಾಕೃತಿಗೆ 500 ರೂಪಾಯಿ, ಸರಕುಗಳ ಮೇಲೆ ಬಳಸುವಂಥದ್ದಾದರೆ 2,000 ರೂಪಾಯಿ. ಆದ್ದರಿಂದ ಚೆನ್ನಾಗಿ ಮಾರಾಟವಾಗುವ ನಾಲ್ಕೈದು ಚಿತ್ರಗಳಿಗಷ್ಟೇ ಮಾಡಿಸಿ. ಸದ್ಯಕ್ಕೆ ಲೇಯರ್‌ಗಳೆಲ್ಲ (ಚಿತ್ರದ ಬಿಡಿ ಪದರಗಳು) ಉಳಿದಿರುವ ಮೂಲ ಕಡತವೇ ನಿಮ್ಮ ಬಲ, ಏಕೆಂದರೆ ನಕಲು ಮಾಡಿದವರ ಬಳಿ ಅದು ಇರುವುದಿಲ್ಲ. ಒಂದು ಮಿತಿಯನ್ನೂ ಹೇಳಬೇಕು. ಹೆಂಚಿನ ಮಾಡು, ಕೆತ್ತನೆಯ ಕಂಬ, ಸುರಿವ ಮಳೆ ಯಾರ ಸ್ವತ್ತೂ ಅಲ್ಲ. ವಿಷಯಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೀತಿಗೆ ಮಾತ್ರ ಉಂಟು ಎಂಬುದನ್ನು ಸುಪ್ರೀಂ ಕೋರ್ಟ್ 1978ರಲ್ಲಿ ನಾಟಕಕಾರ ಆರ್.ಜಿ. ಆನಂದ್ ಅವರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇನ್ನೊಬ್ಬರು ಅದೇ ಐನ್‌ಮನೆಯನ್ನು ತಮ್ಮ ಕೈಯಾರೆ ಬರೆದರೆ ನೀವು ಆಕ್ಷೇಪಿಸುವಂತಿಲ್ಲ.

ಟೀ ಶರ್ಟಿನ ವಿಷಯದಲ್ಲಿ ದೂರಿಗಿಂತ ಮೊದಲು ಸಾಕ್ಷ್ಯ. ದೂರು ಹೋದೊಡನೆ ಪುಟ ಮಾಯವಾಗಬಹುದಾದ್ದರಿಂದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಒಂದು ಶರ್ಟನ್ನು ಬಿಲ್ಲಿನ ಸಮೇತ ತರಿಸಿಕೊಳ್ಳಿ. ಆಮೇಲೆ ಆ ಮಾರಾಟ ತಾಣದ ಹಕ್ಕುಸ್ವಾಮ್ಯ ದೂರಿನ ನಮೂನೆಯನ್ನು ತುಂಬಿ. 2013ರ ಹಕ್ಕುಸ್ವಾಮ್ಯ ನಿಯಮಗಳಂತೆ ಲಿಖಿತ ದೂರು ತಲುಪಿದ 36 ಗಂಟೆಗಳೊಳಗೆ ತಾಣವು ಕ್ರಮ ಕೈಗೊಳ್ಳಬೇಕು. 21 ದಿನಗಳಲ್ಲಿ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅದು ಪುಟವನ್ನು ಮತ್ತೆ ತೆರೆಯಬಹುದು. ವ್ಯಾಪಾರಿ ಬೇರೆ ಹೆಸರಿನಲ್ಲಿ ಮರಳಿ ಬರುವುದೂ ಉಂಟು. ಆಗ ಇನ್ನೊಂದು ದೂರು ಕೊಡಿ. ಮಾರಾಟ ದೊಡ್ಡದಾಗಿ ಕಂಡರೆ ಮಾತ್ರ ವಕೀಲರ ಬಳಿ ಹೋಗಿ.

ನನಗೆ ಹೆಚ್ಚು ಮುಖ್ಯವೆನಿಸುವುದು ಹೋಮ್‌ಸ್ಟೇ. ಕೊಡಗು ಚಿಕ್ಕ ಜಿಲ್ಲೆ. ಅದರ ಮಾಲೀಕರು ನಾಳೆ ಯಾವುದೋ ಮದುವೆಯಲ್ಲಿ ನಿಮ್ಮೆದುರಿನ ಸಾಲಿನಲ್ಲೇ ಊಟಕ್ಕೆ ಕೂರುವವರು. ಈ ದಾಕ್ಷಿಣ್ಯದಿಂದಲೇ ನಮ್ಮಲ್ಲಿ ಎಷ್ಟೋ ಕಲಾವಿದರು ಬಾಯಿ ಬಿಡುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಬೋರ್ಡು ಬರೆಸಿದ ಪೇಂಟರಿಗೆ ಕೂಲಿ ಕೊಟ್ಟವರು ಚಿತ್ರಕ್ಕೂ ಕೊಡಬೇಕು. ಆದ್ದರಿಂದ ಬೆದರಿಕೆಯ ಮಾತಿಲ್ಲದೆ ಒಂದು ಪತ್ರ ಬರೆದು, ಬಿಲ್ ಲಗತ್ತಿಸಿ: ಇಷ್ಟು ಶುಲ್ಕ ಕೊಟ್ಟು, ಸಹಿಯನ್ನು ಮರಳಿ ಸೇರಿಸಿ ಬಳಸಬಹುದು, ಇಲ್ಲವೇ 15 ದಿನಗಳಲ್ಲಿ ತೆಗೆಯಬೇಕು. ಕೇಳುವ ಮೊತ್ತ ನೀವು ಬೇರೆ ಗಿರಾಕಿಗೆ ಹೇಳುತ್ತಿದ್ದ ದರದಷ್ಟೇ ಇರಲಿ. ಅದಕ್ಕಿಂತ ಹೆಚ್ಚಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಅವರು ಒಪ್ಪಿದರೆ ಬಳಕೆಯ ಜಾಗವನ್ನೂ ಅವಧಿಯನ್ನೂ ಕಾಗದದಲ್ಲಿ ನಮೂದಿಸಿ, ಏಕೆಂದರೆ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ಎಣಿಸುತ್ತದೆ. ಸಹಿ ಕತ್ತರಿಸಿದ್ದು ಪ್ರತ್ಯೇಕ ತಪ್ಪು: ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, 57ನೆಯ ಕಲಮಿನಂತೆ, ಹಕ್ಕುಸ್ವಾಮ್ಯವನ್ನು ಮಾರಿದ ಮೇಲೂ ಕಲಾವಿದರಲ್ಲೇ ಉಳಿಯುತ್ತದೆ.

ಪತ್ರಕ್ಕೆ ಉತ್ತರ ಬಾರದಿದ್ದರೆ ಲೀಗಲ್ ನೋಟಿಸ್, ಅದಕ್ಕೂ ಜಗ್ಗದಿದ್ದರೆ ದಾವೆ. ಹಕ್ಕುಸ್ವಾಮ್ಯ ಕಾಯ್ದೆಯ 62ನೆಯ ಕಲಮಿನಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದಾದ್ದರಿಂದ, ಹೊರರಾಜ್ಯದ ವ್ಯಾಪಾರಿಯೂ ಕೊಡಗಿನ ನ್ಯಾಯಾಲಯಕ್ಕೇ ಬಂದು ಉತ್ತರಿಸಬೇಕಾಗುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ಮಡಿಕೇರಿಯ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಪೊಲೀಸ್ ದೂರಿನ ದಾರಿಯೂ ಇದೆ, ಶಿಕ್ಷೆ 3 ವರ್ಷದವರೆಗೆ ಇರಬಹುದು. ಆದರೆ ಒಂದು ಬೋರ್ಡಿಗಾಗಿ ನೆರೆಯವರ ಮೇಲೆ ಅದನ್ನು ಹೂಡುವಂತೆ ನಾನು ಸಲಹೆ ಕೊಡಲಾರೆ. ಪರಿಹಾರದ ದಾವೆಗೆ ಉಲ್ಲಂಘನೆಯಾದ ದಿನದಿಂದ 3 ವರ್ಷದ ಗಡುವಿದೆ. ಆ ಬೋರ್ಡು ನಿಮಗೆ ಮೊದಲು ಕಂಡ ದಿನಾಂಕವನ್ನು ಇಂದೇ ಬರೆದಿಟ್ಟುಕೊಂಡು, ಅದರ ಫೋಟೋ ತೆಗೆದಿಡಿ.