ಓದುಗರ ಪ್ರಶ್ನೆ: ನಮೀಬಿಯಾದಲ್ಲಿ ಗಾಡಿ, ಟೆಂಟು, ಮಕ್ಕಳು

ಪ್ರಶ್ನೆ: ಮೇ ರಜೆಯಲ್ಲಿ ಇಬ್ಬರು ಮಕ್ಕಳೊಂದಿಗೆ ನಮೀಬಿಯಾಕ್ಕೆ ಹೊರಟಿದ್ದೇವೆ. ನೆತ್ತಿಯ ಮೇಲೆ ಟೆಂಟು ಕಟ್ಟಿದ ಹೈಲಕ್ಸ್ ಪಿಕಪ್ ಬಾಡಿಗೆಗೆ ಹಿಡಿದು ನಾನೇ ಓಡಿಸಬೇಕೆಂದಿದೆ. ಮನೆಯವರಿಗೆ ಸಿಂಹದ ಭಯ. ನಿಜಕ್ಕೂ ಹೆದರಬೇಕಾದ್ದು ಯಾವುದಕ್ಕೆ? (ದಾವಣಗೆರೆ)

ಜಲ್ಲಿ ರಸ್ತೆಗೆ. ಅಲ್ಲಿನ ‘ಸಿ’ ಮತ್ತು ‘ಡಿ’ ದರ್ಜೆಯ ರಸ್ತೆಗಳಲ್ಲಿ ಹೆಚ್ಚಿನವಕ್ಕೆ ಡಾಂಬರಿಲ್ಲ. ನೇರ, ಅಗಲ, ಖಾಲಿ ರಸ್ತೆ ಕಂಡರೆ ನೂರು ಮುಟ್ಟಿಸೋಣ ಅನ್ನಿಸುತ್ತದೆ. ಪಲ್ಟಿ ಹೊಡೆಯುವುದು ಆಗಲೇ. ಟೆಂಟುಗಳ ಭಾರ ಮೇಲಿರುವ ಗಾಡಿಯ ಹಿಂಭಾಗ ಸಡಿಲ ಜಲ್ಲಿಯಲ್ಲಿ ಜಾರುತ್ತದೆ, ಓಡಿಸುವವರು ಗಾಬರಿಯಿಂದ ಬ್ರೇಕ್ ತುಳಿಯುತ್ತಾರೆ, ಅಲ್ಲಿಗೆ ಮುಗಿಯಿತು. ಜಾರಿದರೆ ಬ್ರೇಕ್ ಮುಟ್ಟಬೇಡಿ. ಆಕ್ಸಿಲರೇಟರ್ ಬಿಟ್ಟು, ಹಿಂಭಾಗ ಜಾರಿದ ಕಡೆಗೇ ಸ್ಟೇರಿಂಗನ್ನು ತುಸು ತಿರುಗಿಸಿ. 80 ಕಿ.ಮೀ. ದಾಟಬೇಡಿ, ತಿರುವಿನಲ್ಲಿ 50 ಸಾಕು. ಎದುರು ಗಾಡಿಯಿಲ್ಲದೆ ತಾನೇ ಉರುಳಿದ ಗಾಡಿಗೆ ಎಷ್ಟೋ ವಿಮೆಗಳು ಹಣ ಕೊಡುವುದಿಲ್ಲ. ಸಹಿ ಹಾಕುವ ಮೊದಲು ಆ ಷರತ್ತನ್ನು ಓದಿ.

ಎರಡನೆಯದು ಟಯರಿನ ಗಾಳಿ. ಡಾಂಬರಿನಲ್ಲಿ 32–35 ಪಿಎಸ್‌ಐ ಇದ್ದರೆ, ಜಲ್ಲಿಯಲ್ಲಿ 26–28ಕ್ಕೆ ಇಳಿಸಿ. ಗಟ್ಟಿ ಟಯರನ್ನು ಚೂಪು ಕಲ್ಲು ಸೀಳುತ್ತದೆ, ಮೆತ್ತಗಿರುವುದು ಕಲ್ಲಿನ ಮೇಲೆ ಬಾಗಿ ದಾಟುತ್ತದೆ. ಹಾಗೆಂದು ಇನ್ನೂ ಇಳಿಸಿ ಜೋರಾಗಿ ಓಡಿಸಿದರೆ ಟಯರಿನ ಪಕ್ಕೆ ಕಾದು ಒಡೆಯುತ್ತದೆ. ಅಳೆಯುವುದು ಬೆಳಿಗ್ಗೆ, ಟಯರು ತಣ್ಣಗಿರುವಾಗ. ಎರಡು ಸ್ಟೆಪ್ನಿ, ಗಾಳಿ ತುಂಬುವ ಕಂಪ್ರೆಸರ್ ಇಲ್ಲದ ಗಾಡಿ ಹಿಡಿಯಬೇಡಿ. ಜಾಕ್ ಎಲ್ಲಿಡುತ್ತಾರೆ, ಸ್ಟೆಪ್ನಿ ಹೇಗೆ ಇಳಿಸುತ್ತಾರೆ ಎಂಬುದನ್ನು ಬಾಡಿಗೆಯವರ ಅಂಗಳದಲ್ಲೇ ಮಾಡಿ ನೋಡಿ.

ಸಂಜೆ ನಾಲ್ಕೂವರೆಗೆಲ್ಲ ಕ್ಯಾಂಪ್ ಸೇರಿ. ಮೇನಲ್ಲಿ ಆರು ದಾಟುತ್ತಲೇ ಕತ್ತಲು. ಇನ್ನೂರು ಕಿಲೋ ಮೀರಿ ತೂಗುವ ಕುಡು ಜಿಂಕೆ ಹೆಡ್‌ಲೈಟಿಗೇ ಹಾರುತ್ತದೆ. ವಾಹನ ಎಡಗಡೆಯೇ, ನಮ್ಮಂತೆ. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷಕ್ಕೆ ಸಿಂಧು. ನಾಲ್ವರಿಗೆ ಎರಡು ಟೆಂಟು ಬೇಕು.

ಪ್ರಶ್ನೆ: ನಮೀಬ್ ಮರುಭೂಮಿಯ ಸೊಸುಸ್‌ವ್ಲೇಯ ಮರಳಿನಲ್ಲಿ ಗಾಡಿ ಹೂತರೆ? (ಹುಬ್ಬಳ್ಳಿ)

ಅಲ್ಲಿನ ರಾಷ್ಟ್ರೀಯ ಉದ್ಯಾನದ ಸೆಸ್ರಿಯಮ್ ಗೇಟಿನಿಂದ ಸುಮಾರು 60 ಕಿ.ಮೀ. ಡಾಂಬರು, ಕೊನೆಯ 5 ಕಿ.ಮೀ. ಮಾತ್ರ ಮರಳು. ಡಾಂಬರು ಮುಗಿದಲ್ಲೇ 18 ಪಿಎಸ್‌ಐಗೆ ಇಳಿಸಿ, ಫೋರ್ ವೀಲ್ ಹಾಕಿ, ನಿಲ್ಲಿಸದೆ ಒಂದೇ ಹದದಲ್ಲಿ ಹೋಗಿ. ಚಕ್ರ ಸುಮ್ಮನೆ ತಿರುಗಲು ಶುರುವಾದರೆ ತಕ್ಷಣ ಆಕ್ಸಿಲರೇಟರ್ ಬಿಡಿ. ತುಳಿದಷ್ಟೂ ಗಾಡಿ ಹೊಟ್ಟೆಯವರೆಗೆ ಇಳಿಯುತ್ತದೆ. ಚಕ್ರಗಳ ಹಿಂದಿನ ಮರಳು ಕೆದಕಿ, ಗಾಳಿ 15ಕ್ಕೆ ಇಳಿಸಿ, ಲೋ ರೇಂಜಿನಲ್ಲಿ (ವೇಗ ಕಡಿಮೆ, ಎಳೆತ ಹೆಚ್ಚಿರುವ ಗೇರು) ಬಂದ ಜಾಡಿನಲ್ಲೇ ರಿವರ್ಸ್ ಬನ್ನಿ. ಡಾಂಬರಿಗೆ ಮರಳಿದ ಮೇಲೆ ಗಾಳಿ ತುಂಬಲು ಮರೆಯುವವರೇ ಜಾಸ್ತಿ. ಧೈರ್ಯ ಸಾಲದಿದ್ದರೆ ಡಾಂಬರಿನ ತುದಿಯಲ್ಲಿ ಶಟಲ್ ಗಾಡಿ ಸಿಗುತ್ತದೆ, ಅದರಲ್ಲಿ ನಾಚಿಕೆಯೇನಿಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಅಡುಗೆಗೆ ಏನೇನು ಒಯ್ಯಬೇಕು? (ಶಿರಸಿ)

ಮೂರು ಲೀಟರಿನ ಕುಕ್ಕರ್. ರಾಜಧಾನಿ ವಿಂಡ್‌ಹುಕ್ ಸಮುದ್ರಮಟ್ಟದಿಂದ ಸುಮಾರು 1,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಗ ಬೇಯುವುದಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಅಕ್ಕಿ, ಬೇಳೆ, ತರಕಾರಿ ವಿಂಡ್‌ಹುಕ್‌ನಲ್ಲೇ ಕೊಳ್ಳಿ. ಹಣ್ಣು, ಹಾಲಿನ ಪದಾರ್ಥ ಇಲ್ಲಿಂದ ಒಯ್ಯಬೇಡಿ. ಗ್ಯಾಸ್ ವಿಮಾನದಲ್ಲಿ ನಿಷಿದ್ಧ. ಬಾಡಿಗೆಯವರೇ ಸಿಲಿಂಡರ್, ಒಲೆ ಕೊಡುತ್ತಾರೆ. ರಸ್ತೆಯ ಅದುರಾಟಕ್ಕೆ ಪ್ಯಾಕೆಟ್ಟುಗಳು ಉಜ್ಜಿ ತೂತಾಗುತ್ತವೆ, ಎಲ್ಲವನ್ನೂ ಗಟ್ಟಿ ಡಬ್ಬಿಗೆ ಸುರಿದಿಡಿ. ನೀರು ದಿನಕ್ಕೆ ತಲೆಗೆ 5 ಲೀಟರ್, ಅದರ ಮೇಲೆ 20 ಲೀಟರಿನ ಒಂದು ಕ್ಯಾನ್.

ಪ್ರಶ್ನೆ: ರಾತ್ರಿ ಮಕ್ಕಳು ಮೂತ್ರಕ್ಕೆಂದು ಟೆಂಟಿನಿಂದ ಇಳಿಯಬಹುದೇ? (ಮಂಗಳೂರು)

ಎಟೋಶಾ ರಾಷ್ಟ್ರೀಯ ಉದ್ಯಾನದ ಒಕಾಕುಎಯೊ, ಹಲಾಲಿ, ನಮುಟೋನಿ ಕ್ಯಾಂಪುಗಳಿಗೆ ಬೇಲಿಯಿದೆ. ದೊಡ್ಡವರು ಟಾರ್ಚ್ ಹಿಡಿದು ಜೊತೆಗಿದ್ದರೆ ಇಳಿಯಬಹುದು. ನರಿ, ತರಕರಡಿ ಒಳಗೂ ಬರುತ್ತವೆ, ಆದ್ದರಿಂದ ಕಸ, ಊಟ, ಚಪ್ಪಲಿ ಎಲ್ಲ ಗಾಡಿಯೊಳಗೆ. ಬೋಟ್ಸ್ವಾನಾದ ಮೊರೆಮಿ ವನ್ಯಧಾಮಕ್ಕೂ ಹೋಗುವುದಾದರೆ ಅಲ್ಲಿ ಬೇಲಿಯೇ ಇಲ್ಲ. ಕತ್ತಲಾದ ಮೇಲೆ ಇಳಿಯಲೇಬಾರದು; ಮುಚ್ಚಳವಿರುವ ಬಕೆಟ್ ಟೆಂಟಿನಲ್ಲೇ ಇರಲಿ. ಕಿತ್ತಳೆ ಹಣ್ಣಂತೂ ಬೇಡ, ವಾಸನೆಗೆ ಆನೆ ಬರುತ್ತದೆ. ಎಟೋಶಾ, ಮೊರೆಮಿ ಎರಡೂ ಮಲೇರಿಯಾ ಪ್ರದೇಶ. ಮಕ್ಕಳ ತೂಕಕ್ಕೆ ತಕ್ಕ ಮಾತ್ರೆಯನ್ನು ವೈದ್ಯರಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ.